ಲಿಫ್ಟ್ ಇಲ್ಲದ ವಕೀಲರ ಆಫೀಸು: ಅಪ್ಪನ ಸಿಲಿಕೋಸಿಸ್ ಪರಿಹಾರದ ಕೇಸು

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹಿಂದಿನ ಒಂದು ಓಣಿಯಲ್ಲಿ ಈ ಆಫೀಸಿದೆ. ಎರಡನೇ ಮಹಡಿ, 38 ಮೆಟ್ಟಿಲು, ಲಿಫ್ಟ್ ಇಲ್ಲ. ಮೊದಲ ದಿನ ಅಪ್ಪ ಒಂಬತ್ತನೇ ಮೆಟ್ಟಿಲಲ್ಲೇ ಕೂತುಬಿಟ್ಟರು. ಎದೆ ಹಿಡಿದುಕೊಂಡು, ಬಾಯಿ ತೆರೆದು ಉಸಿರಾಡುತ್ತಿದ್ದರು. ನಾನು ಮೇಲೆ ಓಡಿ ಹೋಗಿ ಹೇಳಿದೆ. ವಕೀಲ ಮೇಡಂ ಫೈಲು ಹಿಡಿದುಕೊಂಡು ತಾವೇ ಇಳಿದು ಬಂದರು. "ಮ್ಯಾಲೆ ಹತ್ತಬ್ಯಾಡ್ರಿ ಕಾಕಾ, ನಾನ ಬಂದೇನಿ. ಇಲ್ಲೇ ಚಾ ಕುಡ್ಕೋತ ಮಾತಾಡೋಣು" ಅಂದರು. ಕೆಳಗಿನ ಚಹಾದಂಗಡಿಯ ಬೆಂಚಿನ ಮೇಲೆ ನಮ್ಮ ಕೇಸು ಶುರುವಾಯಿತು.

ಮೇಡಂ ಹೆಸರು ಇಲ್ಲಿ ಹಾಕುತ್ತಿಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮವಿದೆ, ಹೆಸರು ಬರೆಯಬೇಡ ಅಂತ ಅವರೇ ಹೇಳಿದರು.

ಅಪ್ಪ ಹದಿನಾಲ್ಕು ವರ್ಷ ಖಡಿ ಮಷೀನಿನಲ್ಲಿ, ಅಂದರೆ ಜಲ್ಲಿ ಕಲ್ಲು ಒಡೆಯುವ ಕಡೆ, ದುಡಿದವರು. ರೈಲು ಹಳಿಯ ಕೆಳಗೆ ಹಾಸುವ ಖಡಿ ಅಲ್ಲಿ ತಯಾರಾಗುತ್ತಿತ್ತು. ಜಾಲರಿಯಲ್ಲಿ ಸಿಕ್ಕಿಕೊಂಡ ಕಲ್ಲು ಬಿಡಿಸೋದು, ಬೆಲ್ಟಿನ ಕೆಳಗೆ ಬಿದ್ದ ಪುಡಿ ಸಲಿಕೆಯಲ್ಲಿ ಎತ್ತೋದು ಅಪ್ಪನ ಕೆಲಸ. ನೀರು ಸಿಂಪಡಿಸಿದರೆ ಧೂಳು ಎಷ್ಟೋ ಕಡಿಮೆಯಾಗುತ್ತದೆ. ಅಲ್ಲಿ ಪೈಪಿತ್ತು, ನೀರು ಇರುತ್ತಿರಲಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲಾ ಬೆಳ್ಳಗಿರುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಊದಿ ಆಡುತ್ತಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2021ರ ಮಾರ್ಚಿನಲ್ಲಿ ಕೆಲಸ ಬಿಟ್ಟರು. ಆಮೇಲೆ ಕೆಮ್ಮು ಹೆಚ್ಚಾಯಿತು. ಒಂದು ಆಸ್ಪತ್ರೆಯಲ್ಲಿ ಟಿಬಿ ಅಂದರು. ಕಫದಲ್ಲಿ ಏನೂ ಸಿಗದಿದ್ದರೂ ಆರು ತಿಂಗಳು ಮಾತ್ರೆ ನುಂಗಿಸಿದರು. ನಾನು ಕೇಶ್ವಾಪುರದ ಔಷಧಿ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡುವವಳು. ಮಾತ್ರೆ ಹೆಸರೆಲ್ಲ ಗೊತ್ತು, ಆದರೆ ಏನು ಕೆಲಸ ಮಾಡುತ್ತಿದ್ದಿರಿ ಅಂತ ಡಾಕ್ಟರ್ ಒಮ್ಮೆಯೂ ಕೇಳಲಿಲ್ಲವಲ್ಲ ಅನ್ನೋದು ನನಗೂ ಹೊಳೆಯಲಿಲ್ಲ. 2022ರ ನವೆಂಬರಿನಲ್ಲಿ ಧಾರವಾಡದ ಒಬ್ಬ ಎದೆರೋಗ ತಜ್ಞರು ಎಕ್ಸ್-ರೇ ಕಿಟಕಿಗೆ ಹಿಡಿದು ಮೊದಲು ಕೇಳಿದ್ದೇ "ಕಲ್ಲಿನ ಕೆಲಸಾ ಏನ್ರಿ?" ಅಂತ. ಸಿಲಿಕೋಸಿಸ್. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ರೋಗ. ಇದಕ್ಕೆ ಗುಣವಾಗುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಬೆಳೆಯುತ್ತಲೇ ಹೋಗುತ್ತದೆ.

ಈ ಆಫೀಸಿಗೆ ಮೊದಲು ಇನ್ನೊಬ್ಬ ವಕೀಲರ ಹತ್ತಿರ ಹೋಗಿದ್ದೆವು. ಬಂದ ಹಣದಲ್ಲಿ ಮೂವತ್ತು ಪರ್ಸೆಂಟ್ ಕೊಡಿ ಅಂದರು. ನಮ್ಮ ದೇಶದಲ್ಲಿ ವಕೀಲರು ಹಾಗೆ ಪಾಲು ಕೇಳುವಂತಿಲ್ಲ ಅಂತ ಮೇಡಂ ಹೇಳಿದ ಮೇಲೇ ಗೊತ್ತಾಗಿದ್ದು. ಇವರು ಒಂದು ಮೊತ್ತ ಹೇಳಿದರು, ನಾಲ್ಕು ಕಂತು ಮಾಡಿಕೊಟ್ಟರು. ಬಡವರಿಗೆ, ಹೆಣ್ಣುಮಕ್ಕಳಿಗೆ, ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ, ಬೇಕಾದರೆ ಅಲ್ಲಿಗೆ ಹೋಗಿ ಅಂತ ಮೊದಲೇ ತಿಳಿಸಿದ್ದರು. ಇದನ್ನು ಎಷ್ಟು ಜನ ಹೇಳುತ್ತಾರೆ?

ಅವರು ನಮಗೆ ಕಾನೂನು ಬಿಡಿಸಿ ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ನಮ್ಮ ಕೇಸಿಗೆ ಅನ್ವಯಿಸಿದ್ದು ಆಗಿನ ನೌಕರರ ಪರಿಹಾರ ಕಾಯ್ದೆ, 1923ರದ್ದು. ಅದರ ಮೂರನೇ ಅನುಸೂಚಿಯಲ್ಲಿ ಕೆಲಸದಿಂದ ಬರುವ ರೋಗಗಳ ಪಟ್ಟಿಯಿತ್ತು, ಕಲ್ಲಿನ ಧೂಳಿನ ರೋಗವೂ ಅದರಲ್ಲಿತ್ತು. ಮಾಲೀಕರ ತಪ್ಪು ಸಾಬೀತು ಮಾಡಬೇಕಿಲ್ಲ. ಆ ಕೆಲಸ ಮಾಡಿದ್ದು, ಆ ರೋಗ ಬಂದದ್ದು ತೋರಿಸಬೇಕು. ಅಮೆರಿಕದಲ್ಲಿ ರೈಲ್ವೆ ಕೆಲಸಗಾರರಿಗೆ 1908ರ ಬೇರೆಯೇ ಕಾನೂನಿದೆಯಂತೆ. ಅಲ್ಲಿ ರೈಲು ಕಂಪನಿಯ ತಪ್ಪು ತೋರಿಸಲೇಬೇಕು, ಆದರೆ ಮೊತ್ತವನ್ನು ಜ್ಯೂರಿ ತೀರ್ಮಾನಿಸುತ್ತದೆ. ಉಗಿ ಇಂಜಿನ್ನಿನಲ್ಲಿ ಸುಮಾರು ಮೂವತ್ತು ವರ್ಷ ಬೆಂಕಿ ಹಾಕುವ ಕೆಲಸ ಮಾಡಿದ ಒಬ್ಬರಿಗೆ ಸಿಲಿಕೋಸಿಸ್ ಬಂದಿತ್ತು. ಚಕ್ರ ಜಾರದಿರಲಿ ಅಂತ ಹಳಿಗೆ ಉದುರಿಸುವ ಮರಳಿನ ಧೂಳಿನಿಂದ. ರೋಗ ಕಾಣಿಸಿಕೊಂಡ ಮೇಲೇ ಕೇಸು ಹಾಕುವ ಅವಧಿ ಶುರು ಅಂತ 1949ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ಕೇಳುತ್ತಾ ಅಪ್ಪ ಚಹಾ ಲೋಟ ಕೆಳಗಿಟ್ಟು, "ಅಲ್ಲೂ ನಮ್ಮಂಥವರು ಅದಾರೇನು?" ಅಂದರು.

ಅವಧಿಯ ಮಾತು ನಮಗೆ ಮುಖ್ಯವಾಗಿತ್ತು. ಕೆಲಸ ಬಿಟ್ಟು ಎರಡು ವರ್ಷದ ಮೇಲಾಗಿದೆ, ಈಗೇನು ಕೇಸು ಅಂತ ಎದುರು ಕಡೆಯವರು ವಾದಿಸಿದರು. ನಮ್ಮ ಕಾನೂನಿನಲ್ಲೂ ದಾರಿಯಿದೆ. ಕೆಲಸ ಬಿಟ್ಟ ಎರಡು ವರ್ಷದೊಳಗೆ ರೋಗದ ಲಕ್ಷಣ ಪತ್ತೆಯಾದರೆ, ಪತ್ತೆಯಾದ ದಿನವೇ ಅಪಘಾತದ ದಿನ. ಅಲ್ಲಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ನಾವು 2023ರ ಜೂನಿನಲ್ಲಿ ಹಾಕಿದ್ದೆವು.

ಇನ್ನೊಂದು ತಕರಾರು, "ಇವ ನಮ್ಮ ಆಳೇ ಅಲ್ಲ, ಗುತ್ತಿಗೆದಾರನ ಆಳು" ಅನ್ನೋದು. ಆ 1923ರ ಕಾಯ್ದೆಯ ಕಲಂ 12ರ ಪ್ರಕಾರ ಗುತ್ತಿಗೆದಾರನ ಆಳಿಗೂ ಮೂಲ ಮಾಲೀಕರೇ ಪರಿಹಾರ ಕೊಡಬೇಕು, ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಸರಿ, ಆದರೆ ದುಡಿದದ್ದಕ್ಕೆ ದಾಖಲೆ? ಹಾಜರಿ ಪುಸ್ತಕ ಇಲ್ಲ, ಪಗಾರ ಚೀಟಿ ಇಲ್ಲ. ಮೇಡಂ ಅವರ ಕ್ಲರ್ಕ್ ಮನೆಗೇ ಬಂದು ಟ್ರಂಕು ತೆಗೆಸಿದರು. ಅವ್ವನ ಹಾಲಿನ ಲೆಕ್ಕದ ನೋಟುಬುಕ್ಕುಗಳು ಸಿಕ್ಕವು, ಐದು. ಮುಂದಿನಿಂದ ಹಾಲಿನ ಲೆಕ್ಕ. ಹಿಂದಿನಿಂದ ತಿರುಗಿಸಿದರೆ ಪ್ರತಿ ಶನಿವಾರದ ಬಟವಡೆ. ತಾರೀಕು, ಎಷ್ಟು ದಿನ, ಎಷ್ಟು ರೂಪಾಯಿ, ಉಚ್ಚಲು (ಮುಂಗಡ) ಎಷ್ಟು ಮುರಿದರು. ಕೆಲವು ಕಡೆ ಅವ್ವ ಮಷೀನ್ ಮುಕಾದಮನ (ಮೇಸ್ತ್ರಿಯ) ಹೆಸರೂ ಬರೆದಿದ್ದಳು. ಒಂದು ಪುಟದಲ್ಲಿ ಬೆರಳಿನಗಲದ ಬೂದು ಗುರುತಿತ್ತು, ಅಪ್ಪ ಕೈ ತೊಳೆಯದೆ ಹಿಡಿದದ್ದಿರಬೇಕು. ಕ್ಲರ್ಕ್ ಆ ಪುಟವನ್ನು ಒರೆಸಲು ಬಿಡಲಿಲ್ಲ.

ಹುಬ್ಬಳ್ಳಿಯ ತಿಮ್ಮಸಾಗರದ ಕೋರ್ಟಿನಲ್ಲಿ ಆ ನೋಟುಬುಕ್ಕು, ಮುಕಾದಮನ ಸಾಕ್ಷಿ, ಡಾಕ್ಟರ ಸಾಕ್ಷಿ ನಮ್ಮ ಕೈ ಹಿಡಿದವು. ಬೀಡಿ ಸೇದುತ್ತಿದ್ದರಲ್ವಾ ಅಂತ ಎದುರಿನ ವಕೀಲರು ಕೇಳಿದರು. ಹೌದು, ಸೇದುತ್ತಿದ್ದರು. ಬೀಡಿಯಿಂದ ಸಿಲಿಕೋಸಿಸ್ ಬರಲ್ಲ, ಸಿಲಿಕಾ ಧೂಳಿನಿಂದಲೇ ಬರುತ್ತದೆ ಅಂತ ಡಾಕ್ಟರು ಒಂದೇ ಮಾತಿನಲ್ಲಿ ಹೇಳಿದರು.

ಲೆಕ್ಕ ಹೀಗಿತ್ತು. ತಿಂಗಳ ಪಗಾರ 12,000. ಕಾಯ್ದೆಯ ಪ್ರಕಾರ ಅದರ ಶೇಕಡಾ 60 ಅಂದರೆ 7,200. ಅಪ್ಪನಿಗೆ ಆಗ 50 ವರ್ಷ, ಆ ವಯಸ್ಸಿಗೆ ಕೋಷ್ಟಕದಲ್ಲಿರುವ ಅಂಕಿ 153.09. ಗುಣಿಸಿದರೆ 11,02,248. ದುಡಿಯುವ ಶಕ್ತಿ ಶೇಕಡಾ 60ರಷ್ಟು ಹೋಗಿದೆ ಅಂತ ಡಾಕ್ಟರು ಬರೆದುಕೊಟ್ಟಿದ್ದರಿಂದ 6,61,349 ರೂಪಾಯಿ. ಮೇಲೆ ಶೇಕಡಾ 12 ಬಡ್ಡಿ. 2025ರ ಆಗಸ್ಟಿನಲ್ಲಿ ಹಣ ಕೋರ್ಟಿಗೆ ಬಂದಾಗ 8.7 ಲಕ್ಷ ದಾಟಿತ್ತು. ಪಗಾರ ಎಷ್ಟೇ ಇದ್ದರೂ 15,000ಕ್ಕಿಂತ ಜಾಸ್ತಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇದು ನನಗೆ ಅನ್ಯಾಯ ಅನಿಸುತ್ತದೆ, ಅದು ಮೇಡಂ ತಪ್ಪಲ್ಲ.

ಮೇಡಂ ಕಡೆಯ ಕೊರತೆಗಳನ್ನೂ ಹೇಳಬೇಕು. ತಾರೀಕು ಮುಂದೆ ಹೋದದ್ದನ್ನು ಜೂನಿಯರ್ ಎರಡು ಸಲ ತಿಳಿಸಲಿಲ್ಲ. ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಸುಮ್ನೆ ವಾಪಸ್ ಬಂದೆವು, ನನ್ನ ಎರಡು ದಿನದ ಪಗಾರವೂ ಹೋಯಿತು. ಅರ್ಜಿಯೆಲ್ಲ ಇಂಗ್ಲಿಷಿನಲ್ಲಿತ್ತು, ಓದಿ ಹೇಳಿ ಅಂತ ನಾನೇ ಕೇಳಬೇಕಾಯಿತು. ಕೇಳಿದ ಮೇಲೆ ಪೂರ್ತಿ ಒಂದು ತಾಸು ಕೂತು ಸಾಲು ಸಾಲು ಕನ್ನಡದಲ್ಲಿ ಹೇಳಿದರು. ಟೈಪಿಂಗ್, ಝೆರಾಕ್ಸ್ ಖರ್ಚಿಗೆ ಮೊದಮೊದಲು ರಸೀದಿ ಕೊಡುತ್ತಿರಲಿಲ್ಲ.

ಹೋಗುವವರು ಮೊದಲು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯಾ ನೋಡಿಕೊಳ್ಳಿ. ಇದ್ದರೆ ಈ ದಾರಿ ಇಲ್ಲ, ಇಎಸ್‌ಐ ಕಚೇರಿಯಲ್ಲೇ ಕೇಳಬೇಕು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಹಾಗಾಗಿ ಕಲಂ ನಂಬರುಗಳನ್ನು ಹೊಸದಾಗಿ ಕೇಳಿಕೊಳ್ಳಿ. ಹಳೆಯ ಎಕ್ಸ್-ರೇ ಒಂದನ್ನೂ ಎಸೆಯಬೇಡಿ. ಮನೆಯ ಹೆಣ್ಣುಮಕ್ಕಳು ಬರೆದಿಟ್ಟ ಲೆಕ್ಕದ ಪುಸ್ತಕ ಇದ್ದರೆ ಒಯ್ಯಿರಿ.

ಹಣದಲ್ಲಿ ಮೊದಲು ಆಕ್ಸಿಜನ್ ಮಷೀನ್ ತಂದೆವು. ರಾತ್ರಿ ಅದರ ಸದ್ದು ಒಂದೇ ಸಮ ಇರುತ್ತದೆ, ಅಪ್ಪ ಮಲಗುತ್ತಾರೆ.

ವಿಳಾಸ ಬೇಕಾದವರು ನನಗೆ ಮೆಸೇಜ್ ಮಾಡಿ. ಸಂಜೆ ಐದೂವರೆ ಮೇಲೆ ಮೇಡಂ ಆಫೀಸಿನಲ್ಲಿರುತ್ತಾರೆ. ಉಸಿರಿನ ತೊಂದರೆ ಇರುವವರನ್ನು ಮೆಟ್ಟಿಲು ಹತ್ತಿಸಬೇಡಿ. ಚಹಾದಂಗಡಿಯಿಂದಲೇ ಫೋನ್ ಮಾಡಿ, ಅವರು ಇಳಿದು ಬರುತ್ತಾರೆ.