ಬಯೋಕೆಮಿಸ್ಟ್ರಿಯವರ ಫಿಸಿಕಲ್ ಕೆಮಿಸ್ಟ್ರಿ ಕೋರ್ಸ್: ಪದವಿಯಿಂದ ಲ್ಯಾಬ್‌ವರೆಗೆ ಬಳಸಿದ ಮೇಲೆ

ಜೀವಕೋಶದ ಅಣುಗಳನ್ನು ಓದುವವರಿಗೆ ಅಂತಲೇ ಮಾಡಿದ ಆನ್‌ಲೈನ್ ಕೋರ್ಸ್ ಇದು. ಪದವಿಯಲ್ಲಿದ್ದಾಗ ಸೇರಿದೆ. ಈಗ ಲ್ಯಾಬ್‌ನಲ್ಲಿ ಪ್ರೋಟೀನ್‌ಗಳ ಜೊತೆ ಕೆಲಸ ಮಾಡುವಾಗಲೂ ಇದರ ಪಾಠಗಳನ್ನು ತೆರೆಯುತ್ತಿರುತ್ತೇನೆ.

ನನಗೆ ತುಂಬ ಹಿಡಿಸಿದ್ದು ಶುರುವಿನ ರೀತಿ. ಆದರ್ಶ ಅನಿಲ, ಪಿಸ್ಟನ್ ಅಂತ ವಾರಗಟ್ಟಲೆ ಎಳೆಯುವುದಿಲ್ಲ, ನೇರ ಎಟಿಪಿಗೆ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣುವಿಗೆ, ಬರುತ್ತಾರೆ. ಎಟಿಪಿ ಒಡೆದು ಎಡಿಪಿ ಮತ್ತು ಫಾಸ್ಫೇಟ್ ಆದಾಗ ಡೆಲ್ಟಾ ಜಿ (ಕೆಲಸಕ್ಕೆ ಸಿಗುವ ಶಕ್ತಿಯಲ್ಲಿನ ಬದಲಾವಣೆ) ಮೋಲ್‌ಗೆ ಮೈನಸ್ 30.5 ಕಿಲೋಜೌಲ್ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ, ಅಲ್ವಾ? ಆದರೆ ಅದು ಮೂರೂ ಪದಾರ್ಥಗಳು 1 ಮೋಲಾರ್ (ಲೀಟರಿಗೆ ಒಂದು ಮೋಲ್) ಇದ್ದಾಗಿನ ಲೆಕ್ಕ. ಜೀವಕೋಶದಲ್ಲಿ ಅಷ್ಟೊಂದು ಎಲ್ಲಿರುತ್ತದೆ? ಎಟಿಪಿ 5, ಎಡಿಪಿ 0.5, ಫಾಸ್ಫೇಟ್ 5 ಮಿಲಿಮೋಲಾರ್ ಅಂತ ಇಟ್ಟುಕೊಂಡು, 37 ಡಿಗ್ರಿಯಲ್ಲಿ ನಮ್ಮಿಂದಲೇ ಲೆಕ್ಕ ಹಾಕಿಸುತ್ತಾರೆ. ಉತ್ತರ ಸುಮಾರು ಮೈನಸ್ 50. ಈ ಹೆಚ್ಚಿನ 20 ಕಿಲೋಜೌಲ್ ಬಂಧದೊಳಗೆ ಅಡಗಿ ಕೂತಿರಲಿಲ್ಲ. ಜೀವಕೋಶ ಸಾಂದ್ರತೆಗಳನ್ನು ಸಮತೋಲನದಿಂದ ಅಷ್ಟು ದೂರ ಇಟ್ಟಿದೆ, ಅದಕ್ಕೇ ಸಿಕ್ಕಿದ್ದು. ಈ ಒಂದು ಲೆಕ್ಕಕ್ಕಾದರೂ ಕೋರ್ಸ್ ನೋಡಬೇಕು.

ಪ್ರೋಟೀನ್ ಸರಪಳಿ ಮಡಚಿಕೊಳ್ಳುವುದರ (ಫೋಲ್ಡಿಂಗ್) ಪಾಠವೂ ಚೆನ್ನಾಗಿದೆ. ನೀರಿಗೆ ಒಗ್ಗದ ಭಾಗಗಳು ಒಳಗೆ ಸೇರಿಕೊಳ್ಳುವುದಕ್ಕೆ ಸುತ್ತಲಿನ ನೀರಿನ ಎಂಟ್ರೊಪಿ (ಅಣುಗಳ ಅವ್ಯವಸ್ಥೆಯ ಅಳತೆ) ಹೆಚ್ಚುವುದೇ ಮುಖ್ಯ ಕಾರಣ. ಇದನ್ನು ಅವಸರವಿಲ್ಲದೆ ತೋರಿಸುತ್ತಾರೆ. ತಣ್ಣಗಾದಂತೆ ಈ ಪರಿಣಾಮ ಕುಗ್ಗುತ್ತದೆ ಅನ್ನುವುದು ತಲೆಗೆ ಹತ್ತಿದರೆ, ಕೆಲವು ಪ್ರೋಟೀನ್‌ಗಳು ತುಂಬ ತಣ್ಣಗಾದಾಗಲೂ ಬಿಚ್ಚಿಕೊಳ್ಳುವುದು ವಿಚಿತ್ರ ಅನಿಸುವುದಿಲ್ಲ.

ಲ್ಯಾಬ್‌ನಲ್ಲಿ ಜಾಸ್ತಿ ಕೆಲಸಕ್ಕೆ ಬಂದಿರುವುದು ಬಫರ್ (ಪಿಎಚ್ ಬೇಗ ಬದಲಾಗದಂತೆ ತಡೆಯುವ ದ್ರಾವಣ) ಪಾಠ. ಟ್ರಿಸ್ ಎಂಬ ಬಫರ್ ರಾಸಾಯನಿಕದ ಪಿಕೆಎ (ಆಮ್ಲದ ಬಲದ ಅಳತೆ), ಉಷ್ಣತೆ ಏರುವ ಪ್ರತಿ ಡಿಗ್ರಿಗೆ ಸುಮಾರು 0.028ರಷ್ಟು ಇಳಿಯುತ್ತದೆ. ಹಾಗಾಗಿ 25 ಡಿಗ್ರಿಯಲ್ಲಿ ಪಿಎಚ್ 8.0 ಮಾಡಿಟ್ಟ ಟ್ರಿಸ್ ಬಫರ್, 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ 8.6ರ ಹತ್ತಿರ ಹೋಗಿರುತ್ತದೆ. ಫಾಸ್ಫೇಟ್ ಬಫರ್ ಇಷ್ಟು ಅಲುಗಾಡುವುದಿಲ್ಲ. ಬಳಸುವ ಉಷ್ಣತೆಯಲ್ಲೇ ಪಿಎಚ್ ಹೊಂದಿಸಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಎಂಥಾಲ್ಪಿಯಿಂದ (ಕ್ರಿಯೆಯಲ್ಲಿ ಹೀರುವ ಅಥವಾ ಬಿಡುವ ಶಾಖದಿಂದ) ಬಿಡಿಸಿ ಹೇಳಿದ್ದು ಇಲ್ಲಿ.

ಎಂಜೈಮ್ ವೇಗದ ಭಾಗ ಮಾತ್ರ ಬೇಸರ ತರಿಸಿತು. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್, ಎಂಜೈಮ್ ಹಾಗೂ ಸಬ್‌ಸ್ಟ್ರೇಟ್ (ಎಂಜೈಮ್ ಬದಲಾಯಿಸುವ ಪದಾರ್ಥ) ನಡುವೆ ಬೇಗ ಸಮತೋಲನ ಆಗುತ್ತದೆ ಎಂದುಕೊಂಡಿದ್ದರು. 1925ರಲ್ಲಿ ಬ್ರಿಗ್ಸ್ ಮತ್ತು ಹಾಲ್ಡೇನ್ ಆ ಷರತ್ತನ್ನು ಬಿಟ್ಟು ಸ್ಥಿರ ಸ್ಥಿತಿಯನ್ನು (ಎಂಜೈಮ್-ಸಬ್‌ಸ್ಟ್ರೇಟ್ ಜೋಡಿಯ ಪ್ರಮಾಣ ಹೆಚ್ಚುಕಡಿಮೆ ಬದಲಾಗದೆ ಇರುವುದನ್ನು) ಹಿಡಿದರು. ಸಮೀಕರಣದ ರೂಪ ಒಂದೇ, ಅದರಲ್ಲಿನ ಕೆಎಂ (ವೇಗ ಗರಿಷ್ಠದ ಅರ್ಧಕ್ಕೆ ಬರುವ ಸಬ್‌ಸ್ಟ್ರೇಟ್ ಸಾಂದ್ರತೆ) ಹೇಳುವ ಅರ್ಥ ಬೇರೆ. ಕೋರ್ಸ್ ಎರಡನ್ನೂ ಒಂದೇ ಪಾಠದಲ್ಲಿ ಕಲಸಿಬಿಟ್ಟಿದೆ. ಇದನ್ನಷ್ಟೇ ನೋಡಿದವರು ಕೆಎಂ ಕಡಿಮೆ ಇದ್ದರೆ ಬಂಧ ಗಟ್ಟಿ ಅಂತ ಸುಮ್ನೆ ನಂಬಿಕೊಳ್ಳುತ್ತಾರೆ. ಎಷ್ಟೋ ಎಂಜೈಮ್‌ಗಳಿಗೆ ಅದು ಸರಿಯಲ್ಲ. ಈ ಪಾಠವನ್ನು ಇಷ್ಟು ವರ್ಷವಾದರೂ ತಿದ್ದಿಲ್ಲ.

ಅಭ್ಯಾಸದ ಲೆಕ್ಕಗಳು ಬೇಕಾದಷ್ಟಿವೆ, ಆದರೆ ಕೊನೆಯ ಉತ್ತರ ಮಾತ್ರ ಕೊಡುತ್ತಾರೆ. ಒಬ್ಬರೇ ಓದುವವರಿಗೆ ಇದು ಕಷ್ಟ. ಜೊತೆಗೆ ಓದುವವರು ಇನ್ನೊಬ್ಬರಿದ್ದರೆ ಒಳ್ಳೆಯದು. ಲಾಗರಿದಮ್ ಮತ್ತು ಸ್ವಲ್ಪ ಕ್ಯಾಲ್ಕುಲಸ್ ಗೊತ್ತಿದ್ದರೆ ಧೈರ್ಯವಾಗಿ ಸೇರಿ. ಎಂಜೈಮ್ ಭಾಗವನ್ನು ಮಾತ್ರ ಬೇರೆ ಕಡೆ ಓದಿಕೊಳ್ಳಿ.