ತೂಕ ಇಳಿಸೋಕೆ ‘ಕ್ಲೆನ್’ ತಗೊಳ್ಳಿ ಅಂದರೆ ಬೇಡ ಅನ್ನಿ

ಜಿಮ್‌ಗೆ ಹೋಗುವವರು, ಮನೆಯಲ್ಲಿ ಜಿಮ್‌ಗೆ ಹೋಗುವ ಮಕ್ಕಳಿರುವವರು ಇದನ್ನು ಪೂರ್ತಿ ಓದಿ. ಕ್ಲೆನ್‌ಬ್ಯುಟೆರಾಲ್ ಅಂತ ಒಂದು ಔಷಧಿ ಇದೆ. ಜಿಮ್‌ನಲ್ಲಿ ಸುಮ್ನೆ ‘ಕ್ಲೆನ್’ ಅಂತಾರೆ. ಕೊಬ್ಬು ಕರಗುತ್ತದೆ ಅಂತ ನನ್ನ ತಂಗಿಗೆ ಅವಳ ಟ್ರೇನರ್ ಇದನ್ನು ಹನಿ ಹನಿಯಾಗಿ ಕುಡಿಯುವ ಬಾಟಲಿಯಲ್ಲಿ ಕೊಟ್ಟ. ಕೊನೆಗೆ ಅವಳನ್ನು ಐಸಿಯುಗೆ ಸೇರಿಸಬೇಕಾಯಿತು.

ಅವಳೇನು ಕೊಟ್ಟಿದ್ದನ್ನೆಲ್ಲ ನುಂಗುವ ಹುಡುಗಿಯಲ್ಲ. ‘ಸರ್, ಇದು ಸ್ಟಿರಾಯ್ಡಾ?’ ಅಂತ ಕೇಳಿದ್ದಾಳೆ. ‘ಛೆ, ಅಲ್ಲವೇ ಅಲ್ಲ. ಆಸ್ತಮಾ ಔಷಧಿ ಅಷ್ಟೇ. ಉಬ್ಬಸ ಇರೋರು ತಗೊಳ್ಳೋದು’ ಅಂದನಂತೆ. ಅವನು ಹೇಳಿದ್ದು ಸುಳ್ಳಲ್ಲ, ಅದೇ ತೊಂದರೆ. ಕ್ಲೆನ್ ಸ್ಟಿರಾಯ್ಡ್ ಅಲ್ಲ. ಕೆಲವು ದೇಶಗಳಲ್ಲಿ ಉಬ್ಬಸಕ್ಕೆ ಡಾಕ್ಟರು ಬರೆದುಕೊಡುವುದೂ ಉಂಟು. ಆದರೆ ಅಮೆರಿಕದಲ್ಲಿ ಇದನ್ನು ಮನುಷ್ಯರಿಗೆ ಕೊಡಲು ಒಪ್ಪಿಗೆಯೇ ಇಲ್ಲ, ಅಲ್ಲಿ ಇದು ಕುದುರೆಗಳ ಉಸಿರಾಟದ ತೊಂದರೆಗೆ ಕೊಡುವ ಔಷಧಿ. ತೂಕ ಇಳಿಸುವುದಕ್ಕಂತೂ ಇದು ಮಾಡಿದ್ದೇ ಅಲ್ಲ. ಇದನ್ನೆಲ್ಲ ಅವನು ಹೇಳಲಿಲ್ಲ.

ಮೊದಮೊದಲು ಕೈ ನಡುಗುತ್ತಿತ್ತು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಫ್ಯಾನ್ ಕೆಳಗೆ ಕೂತರೂ ಬೆವರು. ರಾತ್ರಿ ನಿದ್ದೆ ಇಲ್ಲ. ಟ್ರೇನರ್‌ಗೆ ಹೇಳಿದರೆ ‘ಒಳ್ಳೇದೇ ಆಯ್ತು, ಔಷಧಿ ಕೆಲಸ ಮಾಡ್ತಿದೆ’ ಅಂತ ಬೆನ್ನು ತಟ್ಟಿದ. ನನಗೆ ಈಗಲೂ ಸಿಟ್ಟು ಬರುವುದು ಈ ಮಾತಿಗೆ. ದೇಹ ಸಾಕು ಸಾಕು ಅಂತ ಕೂಗುತ್ತಿತ್ತು, ಅದನ್ನೇ ಇವನು ಲಾಭದ ಲೆಕ್ಕಕ್ಕೆ ಬರೆದುಕೊಂಡ. ಸ್ವಲ್ಪ ದಿನಕ್ಕೆ ನಡುಕ ಕಡಿಮೆಯಾಯಿತು. ‘ದೇಹಕ್ಕೆ ಅಭ್ಯಾಸವಾಗಿದೆ, ಇನ್ನು ಹನಿ ಜಾಸ್ತಿ ಮಾಡೋಣ’ ಅಂದ.

ಈ ಜಾಸ್ತಿ ಮಾಡುವ ಆಟವೇ ಅಪಾಯ. ಕ್ಲೆನ್ ಬೇಗ ದೇಹದಿಂದ ಹೋಗುವುದಿಲ್ಲ. ಉಬ್ಬಸದ ಇನ್‌ಹೇಲರ್‌ನಲ್ಲಿರುವ ಸಾಲ್‌ಬ್ಯುಟಮಾಲ್‌ನ ಕೆಲಸ 4–6 ಗಂಟೆಯಲ್ಲಿ ಮುಗಿಯುತ್ತದೆ. ಕ್ಲೆನ್ ಹಾಗಲ್ಲ, ಒಂದು ದಿನ ಕಳೆದರೂ ಅರ್ಧಕ್ಕಿಂತ ಹೆಚ್ಚು ರಕ್ತದಲ್ಲೇ ಉಳಿದಿರುತ್ತದೆ. ಅದರ ಮೇಲೆ ಇವತ್ತಿನದು, ಅದರ ಮೇಲೆ ನಾಳೆಯದು. ಸಣ್ಣ ತೂತಿರುವ ಕೊಡಕ್ಕೆ ದಿನಾ ಬಿಂದಿಗೆ ಬಿಂದಿಗೆ ನೀರು ಸುರಿದ ಹಾಗೆ. ಜೊತೆಗೆ ಇದರ ಅಳತೆ ಮಿಲಿಗ್ರಾಂನಲ್ಲಿ ಅಲ್ಲ, ಮೈಕ್ರೋಗ್ರಾಂನಲ್ಲಿ. ಮನುಷ್ಯರಿಗೆ ಮಾಡಿದ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದೇ 20 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ 50ನೇ ಒಂದು ಪಾಲು. ಲೇಬಲ್ ಸರಿಯಿಲ್ಲದ ಬಾಟಲಿಯಿಂದ ಹನಿ ಎಣಿಸಿ ಕುಡಿಯುವವರಿಗೆ ಇದು ಹೇಗೆ ಗೊತ್ತಾಗಬೇಕು?

ಆ ರಾತ್ರಿ ‘ಅಕ್ಕಾ, ಎದೆ ಹೊಡ್ಕೊಳ್ಳೋದು ನಿಲ್ತಾನೇ ಇಲ್ಲ’ ಅಂತ ಎಬ್ಬಿಸಿದಳು. ವಾಂತಿ ಆಗಿತ್ತು, ಮೀನಖಂಡ ಸೆಟೆದುಕೊಂಡಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ನಾಡಿ ನಿಮಿಷಕ್ಕೆ 150ರ ಹತ್ತಿರ, ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ, ಸಕ್ಕರೆ ಮಾತ್ರ ಜಾಸ್ತಿ. ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಈ ಔಷಧಿ ಶ್ವಾಸನಾಳವನ್ನು ಸಡಿಲಿಸುವುದೇನೋ ನಿಜ. ಆದರೆ ಜಾಸ್ತಿಯಾದರೆ ಅಲ್ಲಿಗೇ ನಿಲ್ಲುವುದಿಲ್ಲ, ಹೃದಯವನ್ನೂ ಓಡಿಸುತ್ತದೆ. ರಕ್ತದಲ್ಲಿರಬೇಕಾದ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತದೆ. ಓಡುವ ಹೃದಯಕ್ಕೆ ಪೊಟ್ಯಾಸಿಯಂ ಕೂಡ ಕಡಿಮೆಯಾದರೆ ಬಡಿತದ ಲಯವೇ ತಪ್ಪಬಹುದು. ವಯಸ್ಸು ಚಿಕ್ಕದಾಗಿದ್ದು ಹೃದಯ ಗಟ್ಟಿಯಾಗಿದ್ದವರಿಗೂ ಇದರಿಂದ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿರುವುದುಂಟಂತೆ. ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಕೊಟ್ಟರು, ಬಡಿತ ಇಳಿಸಲು ಬೀಟಾ ಬ್ಲಾಕರ್ ಕೊಟ್ಟರು. ಔಷಧಿ ನಿಲ್ಲಿಸಿದ ಮೇಲೂ ನಡುಕ ಹೋಗಲು ಸಮಯ ಹಿಡಿಯಿತು. ಇಷ್ಟಕ್ಕೂ ಇಳಿದ ತೂಕ? ಹೇಳಿಕೊಳ್ಳುವಂಥದ್ದೇನಲ್ಲ, ಅದೂ ವಾಪಸ್ ಬಂತು.

ಕೊಬ್ಬು ಕರಗುತ್ತದೆ ಅನ್ನುವ ನಂಬಿಕೆ ಬಂದಿದ್ದು ಬಹುಮಟ್ಟಿಗೆ ಪ್ರಾಣಿಗಳಿಂದ. ದನ, ಹಂದಿಗಳಿಗೆ ಕೊಟ್ಟರೆ ಕೊಬ್ಬು ಕಡಿಮೆಯಾಗಿ ಮಾಂಸ ಜಾಸ್ತಿಯಾಗುತ್ತದೆ ಅಂತ ಕದ್ದುಮುಚ್ಚಿ ತಿನ್ನಿಸುತ್ತಿದ್ದರು. 1990ರಲ್ಲಿ ಸ್ಪೇನ್‌ನಲ್ಲಿ ಅಂಥ ದನದ ಲಿವರ್ ತಿಂದವರಿಗೆ ಇದೇ ನಡುಕ, ಇದೇ ಎದೆಬಡಿತ ಶುರುವಾಗಿ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಬರೀ ಮಾಂಸದಲ್ಲಿ ಉಳಿದಿದ್ದಕ್ಕೇ ಹೀಗೆ! ಇನ್ನು ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾ, ಸ್ಪರ್ಧೆ ಇರಲಿ ಇಲ್ಲದಿರಲಿ, ಕ್ರೀಡಾಪಟುಗಳಿಗೆ ಇದನ್ನು ನಿಷೇಧಿಸಿದೆ. ಸೈಕಲ್ ಪಟು ಅಲ್ಬೆರ್ಟೊ ಕೊಂಟಡೋರ್ 2010ರ ಟೂರ್ ದ ಫ್ರಾನ್ಸ್ ಪಟ್ಟ ಕಳೆದುಕೊಂಡಿದ್ದು ಇದರ ತೀರಾ ಸಣ್ಣ ಪ್ರಮಾಣ ಮೂತ್ರದಲ್ಲಿ ಸಿಕ್ಕಿದ್ದಕ್ಕೆ.

ಇದನ್ನು ಓದಿ ಉಬ್ಬಸ ಇರುವವರು ಇನ್‌ಹೇಲರ್ ಬಿಟ್ಟುಬಿಡಬೇಡಿ ಮತ್ತೆ. ಡಾಕ್ಟರು ಹೇಳಿದಷ್ಟು ಇನ್‌ಹೇಲರ್ ಎಳೆದುಕೊಳ್ಳುವುದು ಬೇರೆ ಮಾತು.

ಈಗಾಗಲೇ ತಗೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎದೆನೋವು, ನಿಲ್ಲದ ಬಡಿತ, ತಲೆಸುತ್ತು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ನಾಚಿಕೊಂಡು ಮುಚ್ಚಿಡಬೇಡಿ. ಆಸ್ಪತ್ರೆಯ ಮಾಮೂಲಿ ಟೆಸ್ಟ್‌ಗಳಲ್ಲಿ ಇದು ಸಿಕ್ಕುವುದಿಲ್ಲ, ನೀವೇ ಬಾಯಿ ಬಿಡಬೇಕು. ನಿಮಗೆ ಉಬ್ಬಸವಿದ್ದರೆ ಅದನ್ನೂ ಮೊದಲೇ ಹೇಳಿ, ಬೀಟಾ ಬ್ಲಾಕರ್ ಉಬ್ಬಸದವರಿಗೆ ಆಗಿಬರದೇ ಇರಬಹುದು. ಹೋಗುವಾಗ ಆ ಬಾಟಲಿಯನ್ನೂ ಜೊತೆಗೇ ತಗೊಂಡು ಹೋಗಿ.