ಚೀಲದ ಮೇಲೆ ಊರಿನ ಹೆಸರು ಬರೆದಿಡುವ ಬೇಳೆ ಅಂಗಡಿ

ವಾರಕ್ಕೆ ಮೂವತ್ತು ಕಿಲೋ ತೊಗರಿಬೇಳೆ ಬೇಯಿಸುವವಳು ನಾನು. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಹನ್ನೊಂದು ವರ್ಷಗಳಿಂದ ಖಾನಾವಳಿ ನಡೆಸುತ್ತಿದ್ದೇನೆ. ಬೇಳೆ ಕೆಟ್ಟರೆ, ಆ ದಿನ ರೊಟ್ಟಿ ಎಷ್ಟು ತೆಳ್ಳಗಿದ್ದರೂ ಜನ ಅರ್ಧ ಊಟಕ್ಕೇ ಕೈ ತೊಳೆಯುತ್ತಾರೆ. ಆದ್ದರಿಂದ ಬೇಳೆ ಅಂಗಡಿಯ ಬಗ್ಗೆ ನನ್ನ ಮಾತನ್ನು ಸ್ವಲ್ಪ ನಂಬಬಹುದು.

ಅಂಗಡಿ ಇರುವುದು ನೆಹರು ಗಂಜ್‌ನಲ್ಲಿ. ಬೋರ್ಡಿನ ಮೇಲಿನ ಹೆಸರನ್ನು ನಮ್ಮ ಬಿಸಿಲು ಎಂದೋ ತಿಂದುಹಾಕಿದೆ. ಬೇವಿನ ಮರದ ಪಕ್ಕದ್ದು ಎಂದರೆ ಹಮಾಲರು ತೋರಿಸುತ್ತಾರೆ. ಒಳಗೆ ಐದು ಚೀಲಗಳು ಬಾಯಿ ತೆರೆದು ನಿಂತಿರುತ್ತವೆ. ಪ್ರತಿ ಚೀಲಕ್ಕೂ ರಟ್ಟಿನ ಚೀಟಿ: ‘ಗುಳ್ಯಾಳ, ಆಳಂದ ಕಡೆಯದು’, ‘ಟಿಎಸ್-3ಆರ್, ಚಿತ್ತಾಪುರ’, ‘ಬರ್ಮಾ ಲೆಮನ್’, ‘ಅರುಷಾ’, ‘ಮೊಜಾಂಬಿಕ್ ಗಜರಿ’. ಮೊದಲೆರಡು ನಮ್ಮ ಕಡೆಯ ತಳಿಗಳು; ಉಳಿದ ಮೂರು ಹೊರದೇಶದವು: ಬರ್ಮಾ ಅಂದರೆ ಮ್ಯಾನ್ಮಾರ್, ಅರುಷಾ ಅಂದರೆ ತಾಂಜಾನಿಯಾದ್ದು, ಗಜರಿ ಮೊಜಾಂಬಿಕ್‌ನದ್ದು. ತೊಗರಿಯ ಕಣಜ ಎನಿಸಿಕೊಂಡ ಊರಿನಲ್ಲಿ, ಹೊರಗಿನ ಬೇಳೆಯನ್ನು ಹೊರಗಿನದು ಎಂದೇ ಬರೆದು ಮಾರುವ ಅಂಗಡಿಯನ್ನು ನಾನು ನೋಡಿದ್ದು ಇದೊಂದೇ.

ಹೋದ ವರ್ಷದವರೆಗೆ ಬೇರೆ ಕಡೆ ಕೊಳ್ಳುತ್ತಿದ್ದೆ. ‘ಅಪ್ಪಟ ಕಲಬುರಗಿ ತೊಗರಿ’ ಎಂದು ಹಣ ತೆಗೆದುಕೊಂಡರು. ಪುಂಡಿ ಪಲ್ಯ ಮಾಡಿದರೆ ಬೇಳೆ ಒಂದು ಕಡೆ, ಸೊಪ್ಪು ಒಂದು ಕಡೆ. ಆಳಂದದಿಂದ ಕೋರ್ಟಿಗೆ ಬಂದಿದ್ದ ರೈತರೊಬ್ಬರು ಎರಡು ತುತ್ತು ತಿಂದು, “ಅವ್ವ, ಇದು ನಮ್ಮ ಬೇಳೆ ಅಲ್ಲ” ಎಂದರು. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಹೆಸರಿಗೆ ಬೆಲೆ ಬಂದ ಮೇಲೆ ಹೆಸರನ್ನೇ ಮಾರುವವರೂ ಹುಟ್ಟಿಕೊಂಡಿದ್ದಾರೆ.

ಈ ಅಂಗಡಿಯಿಂದ ಮೂರು ಬಗೆಯ ಬೇಳೆ ಒಂದೊಂದು ಕಿಲೋ ತಂದು ಒಂದೇ ಕುಕ್ಕರಿನಲ್ಲಿ, ಒಂದೇ ಅಳತೆಯ ನೀರಿನಲ್ಲಿ ಬೇಯಿಸಿ ನೋಡಿದೆ. ಗುಳ್ಯಾಳ ಮೂರು ಸೀಟಿಗೆ ಬೆಣ್ಣೆಯಂತಾಯಿತು. ಮುಚ್ಚಳ ತೆಗೆದಾಗ ಬಂದ ಕಂಪಿಗೆ ಪಾತ್ರೆ ತೊಳೆಯುವ ಹುಡುಗಿಯೂ ತಿರುಗಿ ನೋಡಿದಳು. ಬರ್ಮಾದ್ದು ನಾಲ್ಕು ಸೀಟಿ, ಸಾರಿಗೆ ಅಡ್ಡಿಯಿಲ್ಲ. ಗಜರಿಗೆ ಒಂದು ತಾಸು ನೆನೆಸಿದರೂ ಐದು ಸೀಟಿ ಬೇಕಾಯಿತು, ರುಚಿ ಸಪ್ಪೆ. ಆದರೆ ಕಿಲೋಗೆ ಮೂವತ್ತು ರೂಪಾಯಿ ಕಡಿಮೆ. ಬದನೆಕಾಯಿ ಹಾಕಿ ಖಾರ ಮುಂದಾಗಿ ಮಾಡಿದರೆ ಯಾರೂ ತಕರಾರು ಮಾಡುವುದಿಲ್ಲ.

ಆ ಮೂವತ್ತು ರೂಪಾಯಿಯೇ ನನ್ನ ತಲೆನೋವು. ಚಿತ್ತಾಪುರದ ಹತ್ತಿರ ನನ್ನ ತಮ್ಮನಿಗೆ ಎಂಟು ಎಕರೆ ತೊಗರಿ ಹೊಲವಿದೆ. 2024–25ರ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಅವನಿಗೆ ಕೈಸಾಲ ತೀರಿಸುವ ಅವಸರ, ಅದಕ್ಕಿಂತ ಕಡಿಮೆಗೆ ಕೊಟ್ಟು ಬಂದ. ಸುಂಕವಿಲ್ಲದೆ ಬಂದಿಳಿದ ಹಡಗುಗಳನ್ನು ಇಂದಿಗೂ ಬೈಯುತ್ತಾನೆ. ಅವನು ಬೈಯುವ ಹಡಗಿನ ಬೇಳೆಯಿಂದಲೇ ನನ್ನ ಅರವತ್ತು ರೂಪಾಯಿಯ ಊಟ ನಡೆಯುತ್ತದೆ. ಇದನ್ನು ಅವನಿಗೆ ನಾನು ಹೇಳಿಲ್ಲ.

ನನ್ನ ಲೆಕ್ಕ ಬರೆದುಕೊಡುವವನು ಅಕ್ಕನ ಮಗ, ಕಾನೂನು ಓದುತ್ತಿದ್ದಾನೆ. ಚೀಟಿಗಳ ಕಥೆ ಕೇಳಿ ಅವನು ಮೊಬೈಲ್ ತೆರೆದು ಕೂತ. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಬೇಳೆಕಾಳು ಒಪ್ಪಂದ ಮಾಡಿಕೊಂಡಿತಂತೆ; ಆಮೇಲೆ ಅದು ವರ್ಷಕ್ಕೆ 2 ಲಕ್ಷ ಟನ್‌ಗೆ ಏರಿತು. ಆದರೆ ಒಪ್ಪಂದದ ಮರುವರ್ಷವೇ, 2017ರಲ್ಲಿ, ಇಲ್ಲಿ ಬೆಳೆ ಹೆಚ್ಚಾಗಿ, ನಮ್ಮ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿತು. ಅಲ್ಲಿ ಭಾರತವನ್ನು ನಂಬಿ ಬಿತ್ತಿದವರ ಬೆಲೆ ನೆಲಕಚ್ಚಿತು. ನನ್ನ ತಮ್ಮನಂಥವರು ಅಲ್ಲಿಯೂ ಇದ್ದಾರೆ ಎಂದು ನನಗೆ ಆವತ್ತೇ ಹೊಳೆದದ್ದು. ಬರ್ಮಾ ಚೀಲದ ಕಥೆ ಇನ್ನೂ ಕಹಿ. 2021ರ ಫೆಬ್ರುವರಿ 1ರಂದು ಅಲ್ಲಿ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿತು. ಅದೇ ವರ್ಷದ ಜೂನ್‌ನಲ್ಲಿ ಅಲ್ಲಿಂದ ಭಾರತಕ್ಕೆ ವರ್ಷಕ್ಕೆ 1 ಲಕ್ಷ ಟನ್ ತೊಗರಿ, 2.5 ಲಕ್ಷ ಟನ್ ಉದ್ದು ತರಿಸುವ ಒಪ್ಪಂದವಾಯಿತು. ಹುಡುಗ ಓದಿ ಹೇಳಿದ ಪ್ರಕಟಣೆಯಲ್ಲಿ ಇದ್ದದ್ದು ಟನ್ನು, ಬಂದರು, ಮೂಲ ದೇಶದ ಪ್ರಮಾಣಪತ್ರ. ಕೊಯ್ದವರ ಕೂಲಿಯ ಸುದ್ದಿ ಇರಲಿಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ ಇರುವ ಇಎಫ್‌ಟಿಎ ಗುಂಪಿನ ಜೊತೆ 2024ರ ಮಾರ್ಚ್‌ನಲ್ಲಿ ಸಹಿಯಾದ ಒಪ್ಪಂದದಲ್ಲಿ ಮಾತ್ರ ಕಾರ್ಮಿಕರ ಹಕ್ಕಿನ ಮಾತಿರುವ ಅಧ್ಯಾಯವೇ ಇದೆಯಂತೆ. ಸ್ವಿಸ್ ಗಡಿಯಾರಕ್ಕೆ ಇರುವ ಮರ್ಯಾದೆ ಬೇಳೆಗಿಲ್ಲ ಎಂದುಕೊಂಡೆ.

“ಊಟ ಮನುಷ್ಯನ ಹಕ್ಕು, ಚಿಕ್ಕಮ್ಮ. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ. ಭಾರತ 1979ರಲ್ಲೇ ಒಪ್ಪಿದೆ” ಎಂದ. ಯಾರ ಹಕ್ಕು, ಉಣ್ಣುವವರದ್ದೋ ಬೆಳೆಯುವವರದ್ದೋ ಎಂದು ಕೇಳಿದೆ. ಇಬ್ಬರದ್ದೂ ಎಂದ. ವಕೀಲನಾಗುವವನು ಹಾಗೆಯೇ ಹೇಳಬೇಕು ಬಿಡಿ. ಅಂತರರಾಷ್ಟ್ರೀಯ ಒಪ್ಪಂದಗಳು ರೈತರ ಹಕ್ಕಿಗೆ ಹೊಂದಿಕೊಂಡೇ ಇರಬೇಕು ಎಂದು ವಿಶ್ವಸಂಸ್ಥೆಯ 2018ರ ರೈತರ ಹಕ್ಕುಗಳ ಘೋಷಣೆಯಲ್ಲಿ ಬರೆದಿದೆಯಂತೆ. ಪಾಲಿಸದಿದ್ದರೆ ದಂಡವುಂಟೇ ಎಂದರೆ, ಇಲ್ಲ, ಅದು ಘೋಷಣೆ ಮಾತ್ರ ಎಂದು ಮೊಬೈಲ್ ಮುಚ್ಚಿಟ್ಟ.

ಮುಂದಿನ ಸಲ ಹೋದಾಗ ಮಾಲೀಕರನ್ನು ಕೇಳಿದೆ: ಈ ಚೀಟಿಗೆ ಆಧಾರವೇನು? ಅವರು ಮುಚ್ಚಿಡಲಿಲ್ಲ. “ಅಕ್ಕ, ಪ್ರಮಾಣಪತ್ರ ಬಂದರಿನಲ್ಲಿಯೇ ಉಳಿಯುತ್ತದೆ. ಮಿಲ್ಲಿಗೆ ಹೋಗಿ ಬೇಳೆಯಾದ ಮೇಲೆ ಕಾಗದ ಯಾರ ಕೈಯಲ್ಲೂ ಇರುವುದಿಲ್ಲ. ದಲಾಲಿ ಹೇಳಿದ್ದು ಕಾಳು ನೋಡಿದಾಗ ನನಗೆ ಒಪ್ಪಿಗೆಯಾದರೆ ಬರೆಯುತ್ತೇನೆ, ಅನುಮಾನವಿದ್ದರೆ ಚೀಲ ಇಳಿಸಿಕೊಳ್ಳುವುದಿಲ್ಲ.” ಅಂದರೆ ಚೀಟಿಗೆ ಇರುವ ಖಾತರಿ ಅವರ ಕಣ್ಣು, ಅವರ ಮಾತು. ಅಷ್ಟು ನನಗೆ ಸಾಕು, ಸರ್ಕಾರಕ್ಕೆ ಸಾಕಾಗಬಾರದು.

ಕುಂದುಗಳೂ ಇವೆ. ತೂಕದ ಯಂತ್ರ ಒಂದೇ, ಸಂಜೆ ಹೋದರೆ ಅರ್ಧ ತಾಸು ನಿಲ್ಲಬೇಕು. ಗುಳ್ಯಾಳದಲ್ಲಿ ಎರಡು ಸಲ ಕಲ್ಲು ಸಿಕ್ಕಿತು. ತೋರಿಸಿದಾಗ ಮರುಮಾತಿಲ್ಲದೆ ಬದಲಿಸಿ ಕೊಟ್ಟರು. ಮನೆಗೆ ಕಳುಹಿಸುವುದಿಲ್ಲ. ಕಡಲೆಬೇಳೆ, ಹೆಸರುಬೇಳೆಯ ಚೀಲಗಳಿಗೆ ಚೀಟಿ ಇಲ್ಲ, ಕೇಳಿದರೆ ನಗುತ್ತಾರೆ. ಎಣ್ಣೆ ಪಾಲಿಶ್ ಮಾಡಿದ ಬೇಳೆ ಇಡುವುದಿಲ್ಲವಾದ್ದರಿಂದ ಹೊಳಪು ಹುಡುಕುವವರಿಗೆ ನಿರಾಸೆಯಾಗಬಹುದು.

ಐದಕ್ಕೆ ನಾಲ್ಕು ನಕ್ಷತ್ರ. ನಾನೀಗ ಎರಡು ಪಾಲು ಗುಳ್ಯಾಳ, ಒಂದು ಪಾಲು ಗಜರಿ ಒಯ್ಯುತ್ತೇನೆ. ಬರ್ಮಾದ್ದನ್ನು ಬಿಟ್ಟಿದ್ದೇನೆ. ಅದರಿಂದ ಅಲ್ಲಿ ಯಾರಿಗೆ ಒಳ್ಳೆಯದಾಯಿತೋ, ಕೆಟ್ಟದ್ದಾಯಿತೋ, ಆ ಚೀಲದ ಹತ್ತಿರ ಕೈ ಹೋಗುತ್ತಿಲ್ಲ. ಬೆಳಿಗ್ಗೆ ಹತ್ತರೊಳಗೆ ಹೋಗಿ. ಆಮೇಲೆ ಲಾರಿಗಳು ನುಗ್ಗಿ ಸ್ಕೂಟರ್ ನಿಲ್ಲಿಸಲೂ ಜಾಗವಿರುವುದಿಲ್ಲ. ಚೀಲ ನೀವೇ ಒಯ್ಯಿರಿ.